ಹಬೆ ಸಿನಿಮಾದ ಕೊನೆ

ನನ್ನ ಚಿಕ್ಕಮ್ಮ ಜೀವನದಲ್ಲಿ ಮನಸ್ಸಿಟ್ಟು ನೋಡಿದ್ದು ಒಂದೇ ಒಂದು ಇಂಗ್ಲಿಷ್ ಸಿನಿಮಾ. ಅದರ ಹೆಸರು ಅವಳಿಗೆ ಗೊತ್ತಿರಲಿಲ್ಲ, ಅದರಲ್ಲಿ ಆಡಿದ ಒಂದು ಮಾತೂ ಅರ್ಥವಾಗಿರಲಿಲ್ಲ. ‘ಹಬೆ ಸಿನಿಮಾ’ ಎನ್ನುತ್ತಿದ್ದಳು. ಮನೆಯಲ್ಲಿ ಯಾರಾದರೂ ಹೊಸ ಚಿತ್ರದ ಸುದ್ದಿ ಎತ್ತಿದರೆ ಸಾಕು, “ಅದೇನು ಮಹಾ, ನೀವು ಹಬೆ ಸಿನಿಮಾ ನೋಡ್ಬೇಕಿತ್ತು” ಎಂದು ಶುರು ಹಚ್ಚಿಕೊಳ್ಳುತ್ತಿದ್ದಳು. ಎಲ್ಲರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು. ನಾನು ಮಾತ್ರ ಸಿಕ್ಕಿಬೀಳುತ್ತಿದ್ದೆ. ಅಮ್ಮ ಕೆಲಸಕ್ಕೆ ಹೋದಾಗಲೆಲ್ಲ ನನ್ನನ್ನು ಚಿಕ್ಕಮ್ಮನ ಇಸ್ತ್ರಿ ಅಂಗಡಿಯಲ್ಲಿ ಬಿಟ್ಟುಹೋಗುತ್ತಿದ್ದಳು, ಅಲ್ಲಿಂದ ಓಡಿಹೋಗುವುದಕ್ಕೆ ನನಗೆ ದಾರಿಯಿರಲಿಲ್ಲ.

ಅಂಗಡಿ ಹಾಕುವ ಮೊದಲು ಚಿಕ್ಕಮ್ಮ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ನೆಲಮಾಳಿಗೆ, ಮೂರು ಹೊತ್ತೂ ಹಬೆ. ಕಿಟಕಿ ತೆರೆದರೆ ಬಿಳಿ ಬಟ್ಟೆಯ ಮೇಲೆ ದೂಳು ಕೂರುತ್ತದೆಂದು ಕಿಟಕಿಗಳಿಗೆಲ್ಲ ಮೊಳೆ ಹೊಡೆದಿದ್ದರು. ಯಂತ್ರದಿಂದ ಬಂದ ಬೆಡ್‌ಶೀಟುಗಳನ್ನು ಮಡಚಲು ಇಬ್ಬರು ಬೇಕು. ಎರಡು ತುದಿ ಹಿಡಿದು ಎಳೆದು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಿ, ಮತ್ತೆ ಹಿಂದೆ ಸರಿಯಬೇಕು. ಎತ್ತರ ಹೊಂದಬೇಕು, ಕೈಯ ವೇಗ ಹೊಂದಬೇಕು. ಅದಕ್ಕೇ ಅಲ್ಲಿ ಒಮ್ಮೆ ಜೋಡಿಯಾದವರನ್ನು ಯಾರೂ ಬೇರೆ ಮಾಡುತ್ತಿರಲಿಲ್ಲ. ಚಿಕ್ಕಮ್ಮನ ಜೋಡಿಯ ಹೆಸರು ಗುಂಗುರು. ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಹಬೆಗೆ ಇನ್ನಷ್ಟು ಸುರುಳಿಯಾಗುವ ಕೂದಲು ನೋಡಿ ಹೆಂಗಸರು ಇಟ್ಟದ್ದು. ಇಬ್ಬರೂ ದಿನವಿಡೀ ಎದುರುಬದುರು ನಿಂತು ಮಾತಾಡುತ್ತಿದ್ದರಂತೆ. ಗಂಡನ ಜೊತೆಗೂ ಅಷ್ಟು ಮಾತಾಡಿಲ್ಲ ಎಂದು ಚಿಕ್ಕಮ್ಮ ಚಿಕ್ಕಪ್ಪನ ಎದುರಿಗೇ ಹೇಳುತ್ತಿದ್ದಳು. ಅವರು ಪೇಪರಿನಿಂದ ಮುಖ ಎತ್ತುತ್ತಿರಲಿಲ್ಲ.

ಆಸ್ಪತ್ರೆಯ ಎದುರು ರಸ್ತೆಯ ಟಾಕೀಸಿಗೆ ಆ ಹಳೆಯ ಅಮೆರಿಕದ ಚಿತ್ರ ಬಂದದ್ದು ಆಗ. ಬಟ್ಟೆ ಒಗೆಯುವ ಹೆಂಗಸರ ಕತೆ ಎಂದು ಗೇಟಿನವನು ಹೇಳಿದ್ದೇ ತಡ, ನೆಲಮಾಳಿಗೆಯಲ್ಲೆಲ್ಲ ಗುಲ್ಲೆದ್ದಿತು. ಮೊದಲ ದಿನ ಅರ್ಧ ಜನ ಹೋದರು, ಚಿಕ್ಕಮ್ಮನೂ ಹೋದಳು. ಗುಂಗುರುವಿನ ಗಂಡ ಎದೆಯ ಕಾಯಿಲೆಯಿಂದ ಅದೇ ಆಸ್ಪತ್ರೆಯಲ್ಲಿ ಮಲಗಿದ್ದ. ಅವನ ಪಕ್ಕ ಕೂರಬೇಕಿದ್ದರಿಂದ ಅವಳು ಉಳಿದವರ ಜೊತೆ ಮರುದಿನ ಹೋದಳು.

ಇಂಗ್ಲಿಷ್ ಸಿನಿಮಾ ಎಂದರೆ ಬೇರೇನೋ ಎಂದುಕೊಂಡು ಬಂದಿದ್ದ ಗಂಡಸರು, ತಲೆಗೆ ಬಟ್ಟೆ ಕಟ್ಟಿಕೊಂಡು ಬೆವರುತ್ತಿದ್ದ ಹೆಂಗಸರನ್ನು ನೋಡಿ ಇಂಟರ್ವಲ್ಲಿಗೇ ಎದ್ದುಹೋದರಂತೆ. ಬಾಲ್ಕನಿಯಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರಂತೆ. ಕೆಳಗೆ ಕೂತ ನಮ್ಮವರು ಮಾತ್ರ ಪರದೆಯ ಜೊತೆ ಜಗಳಕ್ಕೇ ಇಳಿದಿದ್ದರು. “ಅಯ್ಯೋ, ಹಾಗೆ ಹಿಡೀಬೇಡ್ವೇ, ಕೈ ಸುಟ್ಕೊಳ್ತೀಯ!” ಎಂದು ಒಬ್ಬಳು ಕೂಗಿದಳು. ಆ ನಟಿ ನಿಜವಾಗಿಯೂ ಕೈ ಸುಟ್ಟುಕೊಂಡಾಗ, “ಹೇಳಿದ್ನಾ ಇಲ್ವಾ?” ಎಂದು ಇಡೀ ಸಾಲು ಎದ್ದು ನಿಂತಿತು. ಆ ಲಾಂಡ್ರಿಯಲ್ಲೂ ಕಿಟಕಿಗಳಿಗೆ ಮೊಳೆ ಹೊಡೆದಿತ್ತು. ಅದನ್ನು ನೋಡಿದಾಗ ಯಾರೂ ಕೂಗಲಿಲ್ಲ ಎಂದು ಚಿಕ್ಕಮ್ಮ ಹೇಳುತ್ತಿದ್ದಳು.

ಅವಳು ಕಂಡ ಕತೆ ಇಷ್ಟು. ಇಬ್ಬರು ಗೆಳತಿಯರು, ಒಂದೇ ಬೆಡ್‌ಶೀಟಿನ ಎರಡು ತುದಿ ಹಿಡಿಯುವವರು. ಹೆಂಗಸರೆಲ್ಲ ಕಿಟಕಿ ತೆಗೆಸಿ ಎಂದು ಕೆಲಸ ನಿಲ್ಲಿಸುತ್ತಾರೆ. ಗೆಳತಿಯರಲ್ಲಿ ಒಬ್ಬಳು ಹೊಟ್ಟೆಪಾಡಿಗೆ ಸೋತು ಒಳಗೆ ಹೋಗುತ್ತಾಳೆ. ಹೊರಗಿನವಳು ಗಾಜಿನಾಚೆ ನಿಂತು ನೋಡುತ್ತಾಳೆ, ಒಳಗಿನವಳು ತಲೆ ಎತ್ತುವುದಿಲ್ಲ. ಆಮೇಲೆ, ಕೊನೆಯಲ್ಲಿ, ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೇ ಬ್ರೆಡ್ಡು ಮುರಿದು ತಿನ್ನುತ್ತಾ ಬಿದ್ದು ಬಿದ್ದು ನಗುತ್ತಾರೆ.

ಮರುದಿನದ ಆಟ ಮುಗಿಸಿ ಬಂದ ಗುಂಗುರುವನ್ನು ಚಿಕ್ಕಮ್ಮ ಕೇಳಿದ್ದು ಒಂದೇ ಮಾತು. “ಕೊನೆ ನೋಡಿ ನಂಗೆ ಅಳು ತಡೆಯೋಕೇ ಆಗ್ಲಿಲ್ಲ ಕಣೇ. ನಿಂಗೆ?” ಗುಂಗುರು, “ನಂಗೂ” ಎಂದಳು.

ಚಿತ್ರ ಮೂರನೇ ದಿನಕ್ಕೆ ಟಾಕೀಸಿನಿಂದ ಗಂಟುಮೂಟೆ ಕಟ್ಟಿತು. ಆದರೆ ನೆಲಮಾಳಿಗೆಯಲ್ಲಿ ಅದು ಮುಗಿಯಲಿಲ್ಲ. ಅಮೆರಿಕದ ಹೆಂಗಸರಿಗೊಂದು ನ್ಯಾಯ, ನಮಗೊಂದು ನ್ಯಾಯವಾ ಎಂದು ಚಿಕ್ಕಮ್ಮನೇ ಮೊದಲು ಬಾಯಿ ತೆರೆದದ್ದು. ಎಲ್ಲರೂ ಕೆಲಸ ನಿಲ್ಲಿಸಿ ಅಂಗಳದಲ್ಲಿ ಕೂತರು. ಒಂದು ವಾರ ಕಳೆಯುವುದರೊಳಗೆ ಗುಂಗುರು ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಗಂಡನ ಮಂಚ ಅದೇ ಆಸ್ಪತ್ರೆಯಲ್ಲಿತ್ತಲ್ಲ, ಏನು ಮಾಡಿಯಾಳು? ಅದು ಚಿಕ್ಕಮ್ಮನಿಗೆ ಗೊತ್ತಿತ್ತು, ಆದರೂ ಹೊಟ್ಟೆ ಉರಿಯಿತು. ನೆಲಮಾಳಿಗೆಯ ಕಿಟಕಿ ಅಂಗಳದ ನೆಲಕ್ಕೆ ಹತ್ತಿಕೊಂಡಿತ್ತು. ಒಂದು ಮಧ್ಯಾಹ್ನ ಅವಳು ಅದರ ಮುಂದೆ ನಿಂತು, ಬಗ್ಗಿ ಒಳಗೆ ನೋಡಿದಳು. ಗುಂಗುರು ಬೇರೆ ಯಾರದೋ ಜೊತೆ ಬೆಡ್‌ಶೀಟು ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. ಚಿಕ್ಕಮ್ಮ ತಿರುಗಿ ಬಂದುಬಿಟ್ಟಳು.

ಕೆಲವು ತಿಂಗಳ ಮೇಲೆ ಆಸ್ಪತ್ರೆಯವರು ಮೊಳೆಗಳನ್ನು ಕಿತ್ತರು. ಆದರೆ ಬಾಯಿ ತೆರೆದವಳನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಅವಳು ಇಸ್ತ್ರಿ ಅಂಗಡಿ ಹಾಕಿದಳು. ಗುಂಗುರುವಿನ ಮನೆ ಅಲ್ಲಿಂದ ನಾಲ್ಕು ಬೀದಿಯಾಚೆ. ಮಾರ್ಕೆಟ್ಟಿನಲ್ಲಿ ಎದುರಾದರೆ ಗುಂಗುರು ರಸ್ತೆ ದಾಟಿ ಆ ಕಡೆಗೆ ಹೋಗುತ್ತಿದ್ದಳು.

“ನೀನೇ ಹೋಗಿ ಮಾತಾಡ್ಸಬಾರ್ದಾ?” ಎಂದು ನಾನು ಎಷ್ಟು ಸಲ ಕೇಳಿದ್ದೇನೋ.

“ನಾನ್ಯಾಕೆ ಹೋಗ್ಲಿ? ಬರ್ತಾಳೆ ಬಿಡು. ಸಿನಿಮಾದಲ್ಲಿ ಬರ್ಲಿಲ್ವಾ?” ಎನ್ನುತ್ತಿದ್ದಳು. ಹಾಗೆನ್ನುವಾಗ ಅವಳ ಕಣ್ಣು ರಸ್ತೆಯ ಕಡೆಗೇ ಇರುತ್ತಿತ್ತು. ಗುಂಗುರು ಕೂದಲಿನವರು ಯಾರು ಹೋದರೂ ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ನಿಲ್ಲುತ್ತಿತ್ತು. ಒಮ್ಮೆ ಹಾಗೆ ನಿಂತು ನನ್ನ ಶಾಲೆಯ ಲಂಗ ಸುಟ್ಟುಹೋಯಿತು. ನಾನು ಅತ್ತು ಕರೆದು ರಂಪ ಮಾಡಿದೆ. ಚಿಕ್ಕಮ್ಮನಿಗೆ ಗುಂಗುರು ಬೇಕಿತ್ತು, ಅಷ್ಟೇ. ಅದನ್ನು ಹೇಳುವುದಕ್ಕೆ ಮೂಗಿನ ತುದಿಯ ಕೋಪ ಬಿಡುತ್ತಿರಲಿಲ್ಲ. ಹೀಗೆ ಮೂವತ್ತು ವರ್ಷ ಹೋಯಿತು.

ಕಳೆದ ವರ್ಷ ನಮ್ಮ ಲೈಬ್ರರಿಯ ಸಭಾಂಗಣದಲ್ಲಿ ಹಳೆಯ ಚಿತ್ರಗಳನ್ನು ತೋರಿಸತೊಡಗಿದರು. ಬಂದಾಗ ಯಾರೂ ಮೂಸಿ ನೋಡದಿದ್ದ, ಈಗ ದೊಡ್ಡವರೆಲ್ಲ ಹೊಗಳುವ ಚಿತ್ರಗಳು. ಗೋಡೆಗೆ ಅಂಟಿಸಿದ್ದ ಒಂದು ಚೀಟಿಯಲ್ಲಿ ಲಾಂಡ್ರಿ, ಮೊಳೆ ಹೊಡೆದ ಕಿಟಕಿ, ಇಬ್ಬರು ಗೆಳತಿಯರು ಎಂದೆಲ್ಲ ಓದಿ ಚಿಕ್ಕಮ್ಮನ ಅಂಗಡಿಗೆ ಓಡಿದೆ. ಆಟದ ದಿನ ಅವಳು ಮಧ್ಯಾಹ್ನವೇ ಅಂಗಡಿ ಮುಚ್ಚಿ, ಒಳ್ಳೆಯ ಸೀರೆಯುಟ್ಟು ಕೂತಿದ್ದಳು.

ಬಂದವರು ಇಪ್ಪತ್ತು ಜನ ಇದ್ದಿರಬಹುದು, ಹೆಚ್ಚಿನವರು ಕಾಲೇಜಿನವರು. ಚಿಕ್ಕಮ್ಮ ಶುರುವಿನಿಂದಲೇ ಜೋರಾಗಿ ಮಾತಾಡತೊಡಗಿದಳು. “ಈಗ ನೋಡು, ಕೈ ಸುಟ್ಕೊಳ್ತಾಳೆ.” ಮುಂದಿನ ಸಾಲಿನ ಹುಡುಗಿ ತಿರುಗಿ ನೋಡಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅರ್ಧ ಚಿತ್ರ ಆಗುವ ಹೊತ್ತಿಗೇ ಇಬ್ಬರು ಗೆಳತಿಯರು ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ಮುರಿದರು. ಚಿಕ್ಕಮ್ಮ ನನ್ನ ಕೈ ಹಿಡಿದಳು. “ಇದು ಈಗ್ಲೇ ಯಾಕೆ ಬಂತು?”

ಅದಾದ ಮೇಲೆ ಅವಳು ನನ್ನ ಕೈ ಬಿಡಲಿಲ್ಲ. ಗಾಜಿನಾಚೆ ಗೆಳತಿ ನಿಂತಳು, ಒಳಗಿನವಳು ತಲೆ ಎತ್ತಲಿಲ್ಲ. ಪರದೆ ಕಪ್ಪಾಯಿತು, ದೀಪ ಹತ್ತಿತು.

ಒಬ್ಬ ಹುಡುಗ ಎದ್ದು, ಸುಳ್ಳು ಸಮಾಧಾನ ಹೇಳದ ಇಂಥ ಕೊನೆ ಕೊಡುವುದಕ್ಕೆ ಆ ಕಾಲದಲ್ಲಿ ಗುಂಡಿಗೆ ಬೇಕಿತ್ತು ಎಂದ. ಮುಂದಿನ ಸಾಲಿನ ಹುಡುಗಿ ಮೂಗೊರೆಸಿಕೊಳ್ಳುತ್ತಾ, ತನಗೆ ಆ ಕೊನೆ ಹಿಡಿಸಲೇ ಇಲ್ಲ ಎಂದಳು. ಚಿಕ್ಕಮ್ಮ ಎದ್ದು ನಿಂತಳು. “ಇನ್ನೂ ಇದೆ. ಇದಾದ್ಮೇಲೆ ಅವರಿಬ್ರೂ ಮೆಟ್ಟಿಲ ಮೇಲೆ ಕೂತ್ಕೊಂಡು ತಿಂತಾರೆ. ನಾನು ನೋಡಿದೀನಿ.”

ಚಿತ್ರ ತೋರಿಸುತ್ತಿದ್ದವರು ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. “ಅಮ್ಮಾ, ಆಗ ಸಿನಿಮಾ ರೀಲಿನ ಡಬ್ಬಿಗಳಲ್ಲಿ ಬರ್ತಿತ್ತು. ಆ ದಿನ ಮಧ್ಯದ ರೀಲನ್ನ ಕೊನೆಗೆ ಹಾಕಿರ್ಬೇಕು. ಭಾಷೆ ಗೊತ್ತಿಲ್ದೆ ಯಾರಿಗೂ ತಿಳಿದಿರೋದಿಲ್ಲ.”

ಮನೆಗೆ ಬಂದು ಬಾಗಿಲಲ್ಲಿ ನಿಂತು ಅವಳು, “ಹಾಗಾದ್ರೆ ಅವಳು ಬರೋದೇ ಇಲ್ಲ ಕಣೇ” ಎಂದಳು. ಅಷ್ಟು ಸಣ್ಣ ದನಿಯನ್ನು ನಾನು ಅವಳಲ್ಲಿ ಕೇಳಿರಲಿಲ್ಲ. ನನಗೆ ಅಳು ಬಂತು.

ಬೆಳಗಾಗುತ್ತಲೇ ನಾಲ್ಕು ಬೀದಿ ನಡೆದೆವು. ಬಾಗಿಲು ತೆರೆದ ಹೆಂಗಸಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಆದರೆ ಸುರುಳಿ ಹಾಗೇ ಇತ್ತು. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದು, “ಬಾ ಒಳಗೆ. ಇವಳು ಅಕ್ಕನ ಮಗಳಾ?” ಎಂದರು.

ಚಿಕ್ಕಮ್ಮ ಕೂರಲಿಲ್ಲ. “ಅವತ್ತು ಯಾಕೆ ತಲೆ ಎತ್ಲಿಲ್ಲ ನೀನು?”

“ಎತ್ತಿದೆ” ಎಂದರು ಗುಂಗುರು. “ನಿನ್ನ ಚಪ್ಪಲಿ ನೋಡೇ ನೀನು ಅಂತ ಗೊತ್ತಾಯ್ತು. ಕಣ್ಣಲ್ಲಿ ನೀರು ತುಂಬಿತ್ತು, ಎರಡೂ ಕೈಯಲ್ಲಿ ಬೆಡ್‌ಶೀಟು. ಇದೊಂದು ಮಡಚಿ, ಕಣ್ಣೊರೆಸ್ಕೊಂಡು ನೋಡ್ತೀನಿ ಅಂದ್ಕೊಂಡೆ. ನೋಡಿದಾಗ ನೀನು ಹೊರಟುಹೋಗಿದ್ದೆ.”

“ಆಮೇಲೆ ಬರ್ಬಹುದಿತ್ತಲ್ಲೇ!”

“ಹೇಗೆ ಬರ್ಲಿ? ಆ ಸಿನಿಮಾ ನೋಡಿದ್ನಲ್ಲ ನಾನು. ಅಲ್ಲಿಗೆ ಎಲ್ಲಾ ಮುಗೀತು ಅಂತ ಗೊತ್ತಿತ್ತಲ್ಲ.”

“ನನ್ನ ಸಿನಿಮಾದಲ್ಲಿ ಮುಗಿದಿರ್ಲಿಲ್ಲ” ಎಂದಳು ಚಿಕ್ಕಮ್ಮ.

ಎರಡನೇ ದಿನ ರೀಲುಗಳು ಸರಿಯಾಗಿದ್ದವು ಎಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಇಬ್ಬರೂ ಕೊನೆ ನೋಡಿ ಅತ್ತಿದ್ದರು, ಯಾವ ಕೊನೆ ಎಂದು ಒಬ್ಬರೂ ಕೇಳಿರಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು. ಆ ಟಾಕೀಸಿನವನನ್ನು ಬೈಯಬೇಕೋ, ಈ ಇಬ್ಬರು ಹಟಮಾರಿ ಮುದುಕಿಯರನ್ನು ಬೈಯಬೇಕೋ ತಿಳಿಯಲಿಲ್ಲ.

“ನಮ್ಮನೆಯವ್ರು ಆ ವರ್ಷವೇ ಹೋಗ್ಬಿಟ್ರು” ಎಂದರು ಗುಂಗುರು. “ಮನೆ ತುಂಬ ಜನ ಇದ್ರು. ನೀನು ಬರ್ತೀಯೇನೋ ಅಂತ ನಾನು ಬಾಗಿಲನ್ನೇ ನೋಡ್ತಾ ಕೂತಿದ್ದೆ.”

ಚಿಕ್ಕಮ್ಮನಿಗೆ ಆ ಸಾವಿನ ಸುದ್ದಿ ಅಂದೇ ಗೊತ್ತಾಗಿತ್ತು. ಅದನ್ನು ಅವಳೇ ನನಗೆ ಹೇಳಿದ್ದಳು.

“ಅಂಗಡೀಲಿ ಕೂತಿದ್ದೆ ಕಣೇ” ಎಂದಳು ಅವಳು. “ಇನ್ನಾದ್ರೂ ನೀನು ಬರ್ತೀಯ ಅಂತ.”