ಮುನಿಯಪ್ಪನ ಹೆಗಲ ಮೇಲೆ ರೈಫಲ್

ಯುದ್ಧದ ಕಾಲ ಅದು, ರೈಫಲ್‌ಗೆ ತೋಟಾ ಸಿಗೋದೇ ಕಷ್ಟ. ಸಾನಮಾವು ಅನ್ನೋ ಹಳ್ಳಿಯಲ್ಲಿ ಮುನಿಯಪ್ಪನ ಮೇಕೆಗಳನ್ನು ಒಂದೊಂದಾಗಿ ಹೊತ್ತೊಯ್ಯುತ್ತಿದ್ದ ಚಿರತೆಗೆ ಅಂತ, ಫಾರೆಸ್ಟ್ ಗಾರ್ಡ್ ಆಗಿದ್ದ ನನಗೆ ಒಂದೇ ತೋಟಾ ಕೊಟ್ಟು ಕಳಿಸಿದ್ದರು. ಬಯಲಲ್ಲಿ ರೈಫಲ್ ಊರಲು ಬಂಡೆಯೂ ಇಲ್ಲ, ಮರದ ಕವಲೂ ಇಲ್ಲ. ಮುನಿಯಪ್ಪ ಮುಂದೆ ಕೂತು ತನ್ನ ಹೆಗಲನ್ನೇ ಕೊಟ್ಟ. ಆದರೆ ಬಾಯಿ ತುಂಬ ಎಲೆಅಡಿಕೆ. ಅವನು ಅಗಿದಾಗಲೆಲ್ಲ ನಳಿಕೆಯೂ ಕುಣಿಯುತ್ತಿತ್ತು.

"ಅಗಿಯೋದು ನಿಲ್ಸಯ್ಯ," ಅಂದೆ.

"ನಿಲ್ಸಿದ್ರೆ ಭಯಕ್ಕೆ ಮೈ ನಡುಗ್ತದೆ ಸಾಮಿ. ಯಾವ್ದು ಬೇಕೋ ನೀವೇ ಹೇಳಿ."

ನಿಲ್ಲಿಸು ಅಂದೆ. ಸಂಜೆಗೆ ಚಿರತೆ ಪೊದೆಯಿಂದ ಹೊರಬಂತು. ಹೆಗಲು ಗಡಗಡ ನಡುಗಿತು, ಗುಂಡು ಎತ್ತಲೋ ಹೋಯಿತು, ಚಿರತೆ ಓಡಿತು.

ಮುನಿಯಪ್ಪ ಕಿವಿ ಉಜ್ಜಿಕೊಂಡು, ಎಲೆಗೆ ಸುಣ್ಣ ಸವರಿ ನನ್ನ ಮುಂದೆ ಹಿಡಿದ.

"ಹಾಕ್ಕಳಿ ಸಾಮಿ. ನಿಮ್ ಕೈಯೂ ನಡುಗ್ತಾ ಐತೆ."