ಕುಂಟೆತ್ತಿನ ಕಾಲು

ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವುದು ಸುಲಭ.

ಅವಳು ಗಬ್ಬೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಶಿಕ್ಷಕಿ. ಓದಿದ್ದು ಹತ್ತನೆಯ ತರಗತಿಯವರೆಗೆ. ನಾನು ರಾಯಚೂರಿನಲ್ಲಿ, ಮುಂದೆ ಶಿಕ್ಷಕರಾಗುವವರಿಗೆ ಪಾಠ ಹೇಳುತ್ತೇನೆ. ಚಿಕ್ಕ ಮಕ್ಕಳು ಆಟದಿಂದ ಹೇಗೆ ಕಲಿಯುತ್ತಾರೆ ಎಂಬುದೇ ನನ್ನ ವಿಷಯ. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಅದನ್ನೇ ಓದಿ, ದಪ್ಪನೆಯ ಪ್ರಬಂಧ ಬರೆದು, ಹೆಸರಿಗೆ ಡಾಕ್ಟರ್ ಅಂಟಿಸಿಕೊಂಡಿದ್ದೇನೆ. ಆದರೆ ನನ್ನ ನಾಲ್ಕು ವರ್ಷದ ಮಗಳು ಮತ್ತೆ ಬಾಯಿ ಬಿಟ್ಟದ್ದು ಅಕ್ಕನ ಮುಂದೆ.

ಜೂನ್ ಮೊದಲ ವಾರ ಅವಳನ್ನು ಎಲ್‌ಕೆಜಿಗೆ ಸೇರಿಸಿದ್ದೆವು. ಶಾಲೆಯಲ್ಲಿ ಒಂದು ಮಾತೂ ಆಡಲಿಲ್ಲ. ಮೊದಲು ಅಲ್ಲಿ ಮಾತ್ರ ಸುಮ್ಮನಿದ್ದವಳು ಆಮೇಲೆ ಮನೆಯಲ್ಲೂ ತಲೆಯಾಡಿಸಿಯೇ ಎಲ್ಲ ಮುಗಿಸತೊಡಗಿದಳು. ಅವಳ ಮಿಸ್ ನನ್ನದೇ ಹಳೆಯ ವಿದ್ಯಾರ್ಥಿನಿ. ಒಂದು ದಿನ ಗೇಟಿನ ಹತ್ತಿರ ನಿಲ್ಲಿಸಿ, "ಸಾರ್, ಸಿಟ್ಟಾಗಬ್ಯಾಡ್ರಿ. ಮನಿಯಾಗ ನೀವು ಅಕಿ ಜೋಡಿ ಮಾತಾಡ್ತೀರಿಲ್ಲೋ?" ಎಂದಳು. ನಾನು ಸಿಟ್ಟಾಗಲಿಲ್ಲ ಎಂದುಕೊಂಡಿದ್ದೇನೆ. ಹೆಂಡತಿಯನ್ನು ಕೇಳಿದರೆ ಬೇರೆ ಹೇಳುತ್ತಾಳೆ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಸ್ವಲ್ಪ ದಿನ ಮಗುವನ್ನು ಅದರ ಅತ್ತೆಯ, ಅಂದರೆ ನನ್ನ ಅಕ್ಕನ ಹತ್ತಿರ ಬಿಡೋಣ ಎಂದು ಅವಳೇ ಹೇಳಿದಳು. ಬೇಡವೆನ್ನಲು ನನ್ನ ಬಳಿ ಬಹಳ ಕಾರಣಗಳಿದ್ದವು, ಒಂದೂ ನಡೆಯಲಿಲ್ಲ. ಒಂದು ವಾರದ ನಂತರ ಹೆಂಡತಿ ಫೋನಿನ ಸ್ಪೀಕರ್ ಹಾಕಿದಾಗ ಮಗಳ ದನಿ ಅಡುಗೆಮನೆಯ ತುಂಬ ಕೇಳಿತು: "ಮಮ್ಮೀ, ನವಿಲು ಬಂದಿತ್ತು. ಗರಿ ಅತ್ತಿ ಕೊಡ್ಲಿಲ್ಲ, ನಾನ ಹುಡಿಕ್ಕೊಂಡೆ." ನಾನು ಓಡಿ ಹೋಗಿ ಫೋನು ಕಸಿದುಕೊಂಡೆ. ಆ ಕಡೆ ಉಸಿರಿನ ಸದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ.

ಅದಾಗಿ ಮೂರು ದಿನಕ್ಕೆ, ಶನಿವಾರ, ಅವಳನ್ನು ಕರೆತರಲು ಹೊರಟೆ. ಸೋಮವಾರದಿಂದ ಮತ್ತೆ ಶಾಲೆ ಎಂದು ನಾನೇ ತೀರ್ಮಾನಿಸಿದ್ದೆ. ಅಂದು ಮಣ್ಣೆತ್ತಿನ ಅಮಾವಾಸ್ಯೆ.

ಅಂಗನವಾಡಿ ಮುಟ್ಟಿದಾಗ ಅಕ್ಕ ಬೇವಿನ ಮರದ ಕೆಳಗೆ ಕುಳಿತಿದ್ದಳು. ಸುತ್ತ ಹದಿನೈದಿಪ್ಪತ್ತು ಮಕ್ಕಳು.

"ಯಾಕಲೇ ತಮ್ಮಾ, ಅಷ್ಟು ದೊಡ್ಡ ಬ್ಯಾಗ್ ತಂದಿ? ಮಗಳನ್ನ ಅದರಾಗ ತುಂಬ್ಕೊಂಡು ಹೋಗಾಕ ಬಂದಿಯೇನು?"

ಮಕ್ಕಳು ನಕ್ಕವು. ನನ್ನ ಮಗಳು ಅಕ್ಕನ ಬೆನ್ನ ಹಿಂದೆ ಸರಿದು ಅವಳ ಸೆರಗು ಹಿಡಿದುಕೊಂಡಳು.

ಹಾಜರಿ ನಡೆದಿತ್ತು. ಅಕ್ಕ ಹೆಸರು ಕೂಗುವುದಿಲ್ಲ. ಮಕ್ಕಳು ಬರುವ ದಾರಿಯಲ್ಲಿ ಸಿಕ್ಕಿದ್ದನ್ನು ಏನಾದರೊಂದು ತಂದು ಮೊರದೊಳಗೆ ಹಾಕಬೇಕು. ಜೋಳ ಕೇರುವ ಬಿದಿರಿನ ಮೊರ ಅದು. ಅವಳು ಒಂದೊಂದನ್ನೇ ಎತ್ತಿ ತೋರಿಸುತ್ತಾಳೆ, ತಂದವರು ಎದ್ದು ಮಾತಾಡುತ್ತಾರೆ. ಮೊರ ಬರಿದಾದರೆ ಹಾಜರಿ ಮುಗಿಯಿತು. ರಿಜಿಸ್ಟರಿನಲ್ಲಿ ಆಮೇಲೆ ಬರೆದುಕೊಳ್ಳುತ್ತಾಳೆ.

"ಈ ಬಿಳಿ ಕಲ್ಲು ಯಾರದು?"

"ನಂದ್ರೀ ಟೀಚರ್. ಕಾಲುವಿ ದಂಡಿಗಿ ಇತ್ತು."

"ಈ ಚಪ್ಲಿ ಯಾರು ತಂದೀರಿ?"

"ನಮ್ಮಪ್ಪಂದ್ರೀ!"

"ಓಡು, ಕೊಟ್ಟು ಬಾ. ಪಾಪ, ಒಂದ ಕಾಲಾಗ ಹೊಲಕ್ಕ ಹೋಗ್ಯಾನ."

ಕೊನೆಗೆ ಒಣಗಿದ ಜಾಲಿಕಾಯಿಯೊಂದು ಉಳಿಯಿತು. ಅಕ್ಕ ಅದನ್ನು ಎತ್ತುವ ಮೊದಲೇ ನನ್ನ ಮಗಳು ಎದ್ದು ನಿಂತು, "ಅದು ನಂದು. ಅದು ಗೆಜ್ಜಿ. ಅಲ್ಲಾಡಿಸು ಅತ್ತಿ, ಅಲ್ಲಾಡಿಸು!" ಎಂದಳು. ಅಕ್ಕ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಬೀಜ ಗಲಗಲ ಎಂದವು. ಮಕ್ಕಳೆಲ್ಲ ಕಿವಿ ಮುಂದೆ ತಂದರು. ಸ್ಥಳೀಯ ಕಲಿಕಾ ಸಾಮಗ್ರಿಗಳ ಬಗ್ಗೆ ನಾನು ಒಂದು ಇಡೀ ಅಧ್ಯಾಯ ಬರೆದಿದ್ದೇನೆ. ಅದರಲ್ಲಿ ಜಾಲಿಕಾಯಿ ಇಲ್ಲ.

"ಅಕ್ಕಾ, ನೀ ಮಾಡೂದಕ್ಕ ಏನಂತಾರ ಗೊತ್ತೇನು?" ಎಂದು ಕೇಳಿ, ನಮ್ಮ ಪುಸ್ತಕದ ಶಬ್ದ ಹೇಳಿದೆ.

"ಹಂಗಂತಾರೇನು? ಚಲೋ ಅದ ಹೆಸರು. ಈ ಕೊಡ ಒಳಗಿಡು."

ಕೊಡ ಒಳಗಿಡಲು ಹೋದಾಗ ಗೋಡೆಯ ಮೇಲಿನ ಅಕ್ಷರಮಾಲೆಯ ಪಟ ಅರ್ಧಕ್ಕೆ ಹರಿದಿದ್ದು ಕಂಡಿತು. ನನಗೆ ಸಮಾಧಾನವಾಯಿತು. ತೂಕದ ಪಟ್ಟಿ ನೋಡಿದೆ, ಸರಿಯಾಗಿಯೇ ಇತ್ತು. ಆ ಸಮಾಧಾನ ಅಲ್ಲಿಗೇ ಮುಗಿಯಿತು. ಸ್ವಲ್ಪ ಹೊತ್ತಿಗೆ ಹೊರಗೆ ಮಗಳ ಕಾಲಿಗೆ ಮುಳ್ಳು ಚುಚ್ಚಿತು. ಬರೆಯಲು ನಾಚಿಕೆಯಾಗುತ್ತದೆ, ಅವಳು ಅತ್ತಾಗ ನನ್ನ ಮನಸ್ಸು ಒಂದು ಕ್ಷಣ ಹಗುರಾಯಿತು: ಈಗ ನನ್ನ ಹತ್ತಿರ ಬರುತ್ತಾಳೆ. ನಾನು ಬಾಗಿಲಲ್ಲೇ ಕೈ ಚಾಚಿ ನಿಂತಿದ್ದೆ. ಕುಂಟುತ್ತ ಬಂದವಳು ನನ್ನ ಪಕ್ಕದಿಂದಲೇ ಹಾದು, ಒಳಗೆ ಕುಳಿತಿದ್ದ ಅಕ್ಕನ ತೊಡೆ ಏರಿದಳು.

ಊಟವಾದ ಮೇಲೆ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿದವು. ಅಕ್ಕ ಮತ್ತು ಆಯಾ ಹೊರಗೆ ಪಾತ್ರೆ ತಿಕ್ಕುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ, ಮಕ್ಕಳು ಹಿಂದಿನ ದಿನ ಎರೆಮಣ್ಣಿನಲ್ಲಿ ಮಾಡಿಟ್ಟ ಎತ್ತುಗಳು ಒಣಗುತ್ತಿದ್ದವು. ಕೆಲವಕ್ಕೆ ಕೊಂಬು ಕಿವಿಗಿಂತ ಸಣ್ಣವು, ಒಂದಕ್ಕೆ ಬಾಲ ಎರಡು. ಸಾಲಿನ ಕೊನೆಯಲ್ಲಿ ಒಂದು ಎತ್ತು ಮೂರು ಕಾಲ ಮೇಲೆ ವಾಲಿತ್ತು. ನಾಲ್ಕನೆಯದು ಪಕ್ಕದಲ್ಲಿ ಬಿದ್ದಿತ್ತು. ಬೆನ್ನ ಮೇಲೆ ಜಾಲಿಬೀಜ ಒತ್ತಿದ್ದರಿಂದ ಅದು ನನ್ನ ಮಗಳದ್ದೇ ಎಂದು ಗೊತ್ತಾಯಿತು.

ಎದ್ದು ನೋಡಿದರೆ ಅಳುತ್ತಾಳೆ ಎಂದುಕೊಂಡೆ. ಆಗ ಅದನ್ನು ಸರಿಮಾಡಿಟ್ಟವನು ನಾನಾಗಿರಬೇಕು, ಅಕ್ಕನಲ್ಲ. ಕಸಬರಿಗೆಯಿಂದ ಒಂದು ಕಡ್ಡಿ ಮುರಿದೆ. ಮೂಲೆಯ ಬುಟ್ಟಿಯಲ್ಲಿ ಉಳಿದಿದ್ದ ಮಣ್ಣನ್ನು ನೀರು ಹಾಕಿ ನಾದಿ, ಕಡ್ಡಿ ಸೇರಿಸಿ ಕಾಲು ಕೂಡಿಸಿ, ಬೆರಳಿನಿಂದ ಸವರಿ ಸವರಿ ಗೆರೆ ಅಳಿಸಿದೆ. ಪ್ರಬಂಧ ಬರೆಯುವಾಗಲೂ ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿರಲಿಕ್ಕಿಲ್ಲ.

ಮಗಳು ಎದ್ದಳು. ನೇರ ಕಿಟಕಿಗೆ ಹೋದಳು. ನಾನು ನಗುತ್ತ ನಿಂತಿದ್ದೆ.

"ಅತ್ತೀ! ನನ್ನ ಕುಂಟೆತ್ತು! ಪಪ್ಪಾ ಕಾಲು ಹಚ್ಯಾನ! ಇನ್ನ ಜ್ವಾಳ ಯಾರು ಕೊಡ್ತಾರ?"

ಮಲಗಿದ್ದ ಮಕ್ಕಳೆಲ್ಲ ಎದ್ದು ಕುಳಿತು ಕಳ್ಳನನ್ನು ನೋಡುವಂತೆ ನನ್ನನ್ನು ನೋಡಿದವು. ಆಯಾ ಬಾಗಿಲಲ್ಲಿ ಇಣುಕಿ, "ಡಾಕ್ಟರ್ ಸಾಹೇಬ್ರು ಎತ್ತಿಗಿ ಆಪರೇಷನ್ ಮಾಡ್ಯಾರ ನೋಡ್ರಿ ಟೀಚರ್!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮಾವಾಸ್ಯೆಯ ದಿನ ಮಣ್ಣಿನ ಎತ್ತುಗಳಿಗೆ ಪೂಜೆ. ಮರುದಿನ ಮಕ್ಕಳು, ಬೇಕೆಂದೇ ಕಾಲು ಮುರಿದಿಟ್ಟ ಒಂದು ಎತ್ತನ್ನು ಹಲಗೆಯ ಮೇಲಿಟ್ಟು ಹೊತ್ತುಕೊಂಡು ಮನೆಮನೆಗೆ ಹೋಗಿ, ಕುಂಟೆತ್ತು ಬಂದಿದೆ ಎಂದು ಹಾಡಿ ಜೋಳ ಕೇಳುತ್ತಾರೆ. ನಾಲ್ಕು ಕಾಲಿನ ಎತ್ತಿಗೆ ಯಾರೂ ಜೋಳ ಹಾಕುವುದಿಲ್ಲ.

ಇದು ನನಗೆ ಗೊತ್ತಿಲ್ಲದ್ದಲ್ಲ. ಹನ್ನೆರಡು ವರ್ಷಗಳಿಂದ ಪ್ರತಿ ಹೊಸ ತರಗತಿಗೆ ಮೊದಲ ದಿನ ನಾನು ಹೇಳುವ ಕಥೆಯೇ ಇದು. ಮಾನ್ವಿಯ ನಮ್ಮ ಓಣಿ, ನನಗೆ ಆರು ವರ್ಷ, ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಕುಂಟೆತ್ತು, ಹಿಂದೆ ಚೀಲ ಹಿಡಿದ ಅಕ್ಕ. ಹೊರುವುದು, ಕೇಳುವುದು, ಹಂಚಿಕೊಳ್ಳುವುದು, ಎಲ್ಲವನ್ನೂ ಯಾವ ಶಾಲೆಗೂ ಮೊದಲು ಅಲ್ಲಿ ಕಲಿತೆ ಎನ್ನುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಆದರೆ ಕಿಟಕಿಯಲ್ಲಿ ಮೂರು ಕಾಲಿನ ಎತ್ತು ಕಂಡಾಗ, ಅದೂ ಅಮಾವಾಸ್ಯೆಯ ದಿನವೇ, ಆ ಕಥೆ ನನಗೆ ನೆನಪಾಗಲೇ ಇಲ್ಲ. ಯಾಕೆಂದು ಈಗಲೂ ಹೇಳಲಾರೆ.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. "ನಿನ್ನಿ ಯಾರೂ ತಮ್ಮೆತ್ತಿನ ಕಾಲು ಮುರಿಯಾಕ ಒಪ್ಪಲಿಲ್ಲಲೇ. ಎಲ್ಲಾರೂ ನಂದು ಬ್ಯಾಡ, ನಂದು ಬ್ಯಾಡ ಅಂದ್ರು. ಕಡೀಕ ಇಕಿ ತಾನ ಮುರಿದು ಕೊಟ್ಲು. ಅವತ್ತಿನಿಂದ ಓಣ್ಯಾಗ ಇಕೀನ ದೊಡ್ಡಾಕಿ."

"ಅವತ್ತಿನಿಂದ ಅಂದ್ರ ನಿನ್ನಿಯಿಂದ."

"ಹೂಂ, ನಿನ್ನಿಯಿಂದ. ನಾಕು ವರ್ಷದಾಕಿಗಿ ಅದು ಬಾಳ ದಿನ ಆತು. ನೀ ಒಂದ ಸಲನರ ಹೊತ್ತಿದ್ರ ಇದು ಗೊತ್ತಿರ್ತಿತ್ತು ನಿನಗ."

"ಅಕ್ಕಾ, ಮಾನ್ವ್ಯಾಗ ನಾನ ಹೊತ್ತಿದ್ದು! ನಾ ಮುಂದ, ನೀ ಚೀಲ ಹಿಡ್ಕೊಂಡು ಹಿಂದ."

ಅವಳು ನಗಲಿಲ್ಲ. "ನೀ ಬಂದಿದ್ದಿಲ್ಲಲೇ ತಮ್ಮಾ" ಎಂದು ಹೇಳಿ ಪಾತ್ರೆ ಎತ್ತಿಡಲು ಹೋದಳು. ವಾದ ಮಾಡಿದ್ದರೆ ಗೆಲ್ಲುತ್ತಿದ್ದೆನೇನೋ. ಅವಳು ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಚ್ಚಿದ ಮಣ್ಣು ಬಿರುಕುಬಿಟ್ಟಿತ್ತು. ಒಣಗಿದ ಎರೆಮಣ್ಣಿಗೆ ಹಸಿಮಣ್ಣು ಅಂಟುವುದಿಲ್ಲ. ಇದೂ ನನಗೆ ಗೊತ್ತಿರಬೇಕಿತ್ತು. ಮಗಳು ಮುಟ್ಟುತ್ತಲೇ ಕಾಲು ಕಡ್ಡಿಸಮೇತ ಅವಳ ಕೈಗೆ ಬಂತು. "ಮತ್ತ ಕುಂಟ ಆತು!" ಎಂದು ಕುಣಿದಳು.

ಹಲಗೆ ಅವಳ ತಲೆಯ ಮೇಲೆ. ಒಂದು ಕೈಯಿಂದ ಹಲಗೆ, ಇನ್ನೊಂದರಿಂದ ಎತ್ತನ್ನು ಹಿಡಿದಿದ್ದಳು. ಹಿಂದೆ ಮಕ್ಕಳ ಗುಂಪು, ಅದರ ಹಿಂದೆ ಅಕ್ಕ, ಎಲ್ಲರ ಹಿಂದೆ ಚೀಲ ಹೊತ್ತ ನಾನು. ಒಂದು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕ, "ಯಾಕ್ರೀ ಸಾಹೇಬ್ರ, ರಾಯಚೂರಾಗ ಜ್ವಾಳ ಸಿಗವಲ್ದೇನು?" ಎಂದ. ನನ್ನ ಮಗಳು, ಶಾಲೆಯಲ್ಲಿ ನೀರು ಬೇಕೆಂದೂ ಕೇಳದವಳು, ಗುರುತಿಲ್ಲದ ಬಾಗಿಲುಗಳ ಮುಂದೆ ನಿಂತು ಗಂಟಲು ಬಿಚ್ಚಿ ಹಾಡುತ್ತಿದ್ದಳು. ಹಿಂದಿನಿಂದ ನನಗೆ ಅವಳ ಮುಖ ಕಾಣುತ್ತಿರಲಿಲ್ಲ. ಅಕ್ಕನಿಗೂ ಕಾಣುತ್ತಿರಲಿಲ್ಲ, ಆದರೆ ಅವಳಿಗೆ ನೋಡಬೇಕೆಂದೂ ಅನಿಸಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಅಲ್ಲಿ ಒಂದು ಸಂಗತಿ ತಲೆಗೆ ಹೊಕ್ಕಿತು. ಮಗಳಿಗೆ ತನ್ನ ತಲೆಯ ಮೇಲಿನ ಎತ್ತು ಕಾಣುತ್ತಿಲ್ಲ. ನನ್ನ ನೆನಪಿನಲ್ಲಿ ಮಾತ್ರ ಕುಂಟೆತ್ತು ಸ್ಪಷ್ಟವಾಗಿ ಕಾಣುತ್ತದೆ, ಹಲಗೆಯ ಮೇಲೆ ಎಡಕ್ಕೆ ವಾಲಿದ್ದೂ ಸಹ. ನನ್ನ ತಲೆಯ ಮೇಲಿದ್ದರೆ ಅದು ನನಗೆ ಹೇಗೆ ಕಂಡಿತು?

ಜೋಳವನ್ನು ಅಂಗಡಿಗೆ ಕೊಟ್ಟು, ಬದಲಿಗೆ ಅವಲಕ್ಕಿ ಬೆಲ್ಲ ತಂದು, ಬೇವಿನ ಮರದ ಕೆಳಗೆ ಎಲ್ಲರೂ ತಿಂದರು. ಮಗಳ ಪಕ್ಕದಲ್ಲಿ ಕುಳಿತು, "ನಾಳಿ ಸಾಲಿಗಿ ಹೋಗೂಣೇನು?" ಎಂದೆ. ಅವಳ ಬಾಯಿ ಮುಚ್ಚಿತು. ಕೈಯಲ್ಲಿದ್ದ ಅವಲಕ್ಕಿಯನ್ನೂ ಕೆಳಗಿಟ್ಟಳು. ಅಕ್ಕ ಉಳಿದ ಅವಲಕ್ಕಿ ಹಂಚುತ್ತಿದ್ದಳು. ಅವಳು ಬೇಡವೆಂದಿದ್ದರೆ ಹಟಕ್ಕೆ ಬಿದ್ದು ಕರೆದುಕೊಂಡೇ ಹೋಗುತ್ತಿದ್ದೆ.

ಖಾಲಿ ಬ್ಯಾಗು ಹಿಡಿದು ಹೊರಟೆ. ರಾಯಚೂರಿನ ಕಡೆಗಲ್ಲ. ದೇವದುರ್ಗಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಮಾನ್ವಿಗೆ. ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿಗೆ ಫೋನ್ ಮಾಡಿ ಮಗಳನ್ನು ಬಿಟ್ಟು ಬಂದೆನೆಂದೆ. "ನೀವಾ?" ಎಂದಳು. ಆಮೇಲೆ, "ಚಲೋ ಮಾಡಿದ್ರಿ."

ಮಾನ್ವಿಯಲ್ಲಿ ಅವ್ವ ನನ್ನ ತಮ್ಮನ ಸಂಸಾರದ ಜೊತೆ ಅದೇ ಓಣಿಯಲ್ಲಿದ್ದಾಳೆ. ಪಡಸಾಲೆಯಲ್ಲಿ ಸೊಸೆಯ ಜೊತೆ ಅಕ್ಕಿ ಆರಿಸುತ್ತಿದ್ದಳು. ನೀರು ಕುಡಿಯುವ ಮೊದಲೇ ಕೇಳಿದೆ.

"ಯವ್ವಾ, ನಾ ಆರು ವರ್ಷದಾವ ಇದ್ದಾಗ ಕುಂಟೆತ್ತು ಯಾರು ಹೊತ್ತಿದ್ರು? ನಾನೋ ಅಕ್ಕನೋ?"

"ಇದನ್ನ ಕೇಳಾಕ ಬಸ್ ಹತ್ತಿ ಬಂದಿಯೇನು?" ಎಂದಳು ಅವ್ವ. "ನಿನಗ ದಡಾರ ಎದ್ದಿತ್ತಲ್ಲೋ ಆ ವರ್ಷ. ಬಾಗಿಲಿಗಿ ಬೇವಿನ ತೊಪ್ಪಲ ಕಟ್ಟಿದ್ದೆ. ಹೊರಗ ಬಿಡ್ಲಿಲ್ಲ ಅಂತ ನನಗ ಒದ್ದಿ. ಅಕಿ ಹೊತ್ಕೊಂಡು ಹೋಗಿ ಬಂದು, ಹೊಸ್ತಿಲ ಹೊರಗ ಕುಂತು ನಿನಗ ಎಲ್ಲಾ ಹೇಳಿದ್ಲು. ಯಾರ ಮನಿಯಾಗ ಏನಂದ್ರು, ಎತ್ತು ಎಲ್ಲಿ ವಾಲಿತು, ಎಲ್ಲಾ. ನೀ ಬಿಟ್ರ ತಾನ? ಆಮ್ಯಾಲ? ಆಮ್ಯಾಲ? ಅಂತ ಅಕಿ ಜೀವಾ ತಿಂದಿ. ಹೇಳಿದ್ದ ಹೇಳಿ ಹುಡುಗಿ ಗಂಟಲ ಬಿದ್ದು ಹೋತು."

ಅವ್ವನಿಗೂ ವಯಸ್ಸಾಗಿದೆ. ಮೊಮ್ಮಕ್ಕಳಲ್ಲಿ ಒಬ್ಬರನ್ನು ಇನ್ನೊಬ್ಬರ ಹೆಸರಿನಿಂದ ಕರೆಯುತ್ತಾಳೆ. ಅವಳದೂ ತಪ್ಪಿರಬಹುದು ಎಂದು ನನ್ನೊಳಗಿನ ಒಬ್ಬ ಹೇಳುತ್ತಲೇ ಇದ್ದ. ದಡಾರ ನನಗೇ ಎದ್ದಿತ್ತೋ ತಮ್ಮನಿಗೋ? ಆದರೆ ಎತ್ತು ವಾಲಿದ್ದನ್ನು ನಾನು ಕೇಳದೆಯೇ ಹೇಳಿದ್ದಳು. ಹನ್ನೆರಡು ವರ್ಷ ನಾನು ತರಗತಿಯಲ್ಲಿ ಹೇಳಿದ್ದು ಅಕ್ಕನ ಕಣ್ಣಿಗೆ ಬಿದ್ದ ಓಣಿ, ಅಕ್ಕನ ತಲೆಯ ಮೇಲಿನ ಭಾರ. ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು, ಇನ್ನಷ್ಟು ಹೆಚ್ಚಿತು. ಆ ಒಂದು ಬೆಳಗಾದರೂ ನನ್ನದೆಂದು ಇಷ್ಟು ವರ್ಷ ನಂಬಿದ್ದೆ.

ಸಂಜೆ ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕನ ಫೋನು ಬಂತು. "ಇಕಿ ನಿನಗ ಏನೋ ಹೇಳಬೇಕಂತ. ತಗೋ."

"ಪಪ್ಪಾ, ನಾ ಕುಂಟೆತ್ತು ಹೊತ್ತಿದ್ನಿ ಗೊತ್ತೇನು? ಒಂದ ಮನಿಯಾಗ ಅಜ್ಜಿ ಜ್ವಾಳ ಚೆಲ್ಲಿದ್ಲು. ಕೋಳಿ ಬಂದ್ವು. ಅಜ್ಜಿ ಹುಶ್ ಅಂದ್ಲು."

"ಹೌದವ್ವಾ, ನಾನೂ ನೋಡಿದ್ನಲ್ಲ..."

"ನೀ ಎಲ್ಲಿ ನೋಡ್ದಿ? ನೀ ಇದ್ದಿಲ್ಲ."

ಜೋಳದ ಚೀಲ ಹೊತ್ತ ಭುಜ ಇನ್ನೂ ನೋಯುತ್ತಿತ್ತು. ಆ ಕೋಳಿಗಳನ್ನು ಓಡಿಸಿದವನೇ ನಾನು. ಅಜ್ಜಿಯಲ್ಲ. ಹೇಳಲು ಬಾಯಿ ತೆರೆದೆ. ಆ ಕಡೆ ಅವಳು ಕಾಯುತ್ತಿದ್ದಳು. ಸುಮ್ಮನಾಗಿರಲಿಲ್ಲ, ಕಾಯುತ್ತಿದ್ದಳು.

ರಾಯಚೂರು ಬಸ್ಸು ಬಂದು ನಿಂತಿತು. ಜನ ಬಾಗಿಲಿಗೆ ನುಗ್ಗಿದರು. ನಾನು ಕಂಬದ ಮರೆಗೆ ಸರಿದು ಇನ್ನೊಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡೆ.

"ಆಮ್ಯಾಲ?" ಎಂದೆ. "ಆಮ್ಯಾಲೇನಾತವ್ವಾ?"