ಡ್ರಾಯರ್ ಸಾಹೇಬರು

ಆಸ್ಪತ್ರೆಯ ಆಡಳಿತವೆಂಬ ಯಾರೂ ಹೊಗಳದ ಕ್ಷೇತ್ರದಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಆಡಳಿತಾಧಿಕಾರಿಗಳ ಬಗ್ಗೆ ಬರೆಯಲು ಆಸ್ಪತ್ರೆಯ ಪತ್ರಿಕೆಯ ಸಂಪಾದಕರು ನನ್ನನ್ನೇ ಹಿಡಿದದ್ದು ವಿಚಿತ್ರ. ಅವರೊಡನೆ ನನ್ನಷ್ಟು ಜಗಳವಾಡಿದ ಶಸ್ತ್ರವೈದ್ಯ ಮತ್ತೊಬ್ಬನಿಲ್ಲ. ನಾವು ಏರಿಗೆಳೆದರೆ ಅವರ ಕಚೇರಿ ನೀರಿಗೆಳೆಯುತ್ತಿತ್ತು. ಹತ್ತಿ ಕೇಳಿದರೆ ನಮೂನೆ ಬರುತ್ತಿತ್ತು. ತುಂಬಿ ಕೊಟ್ಟರೆ ಅದು ಹಳೆಯ ನಮೂನೆಯಾಗಿರುತ್ತಿತ್ತು. ಆದರೂ ಒಪ್ಪಿಕೊಂಡೆ, ಅವರಿಗೆ ಹೇಳಬೇಕಾದ ಮಾತೊಂದು ಬಹಳ ವರ್ಷಗಳಿಂದ ಗಂಟಲಲ್ಲೇ ಉಳಿದಿದೆ.

ಕೆಲಸಕ್ಕೆ ಸೇರಿದ ವಾರವೇ ನಾನು ಮೇಲಿನವರಿಗೆ ಕಳಿಸಲೆಂದು ಸಿಟ್ಟಿನ ಪತ್ರವೊಂದನ್ನು ಅವರ ಮೇಜಿನ ಮೇಲಿಟ್ಟೆ. ಮೊದಲ ಸಾಲು ಓದಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಮರುದಿನ ನನ್ನ ಕೋಣೆಗೇ ಬಂದು, "ಡಾಕ್ಟ್ರೇ, ಇದನ್ನ ಇನ್ನೂ ಕಳಿಸಬೇಕಾ?" ಎಂದರು. ವೈದ್ಯರದಾಗಲಿ ಗುಮಾಸ್ತರದಾಗಲಿ, ಸಿಟ್ಟಿನ ಪತ್ರಕ್ಕೆ ಒಂದು ದಿನ ಡ್ರಾಯರ್ ವಾಸವೆಂಬುದು ಅವರ ಪದ್ಧತಿ. ಡ್ರಾಯರ್ ಸಾಹೇಬರೆಂಬ ಅಡ್ಡಹೆಸರು ಬಂದದ್ದೂ ಹಾಗೆಯೇ. ನನ್ನ ಎರಡು ರಾಜೀನಾಮೆಗಳು ಆ ಡ್ರಾಯರಿನಿಂದಲೇ ಮರಳಿ ಬಂದವು. ಹಲ್ಲು ಕಡಿಯುತ್ತಲೇ ಹರಿದುಹಾಕಿದೆ.

ನಾನು ಸೇರಿದ ಏಳನೆಯ ವರ್ಷ, ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಯಂತ್ರ ಕೈಕೊಡುವ ಹಾಗಿತ್ತು. ಇವತ್ತೇ ರಿಪೇರಿಯಾಗದಿದ್ದರೆ ನಾಳೆ ಶಸ್ತ್ರಚಿಕಿತ್ಸೆ ನಡೆಯದೆಂದು ಬರೆಯಬೇಕಿತ್ತು. ಬರೆದೆ, ಆದರೆ ಮೂರನೆಯ ಪುಟದಲ್ಲಿ. ಮೊದಲ ಎರಡು ಪುಟ ಅವರ ಕಚೇರಿಗೆ ಮಂಗಳಾರತಿ. ಅವರು ಎಂದಿನಂತೆ ಮೊದಲ ಸಾಲು ಓದಿ ಡ್ರಾಯರಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಆರು ಮಂದಿ ರೋಗಿಗಳು ಶಸ್ತ್ರಚಿಕಿತ್ಸೆಗೆಂದು ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದರು. ಯಂತ್ರ ತಣ್ಣಗೆ ಕುಳಿತಿತ್ತು. ನಾನು ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಕುಳಿತೆ. ಸಾಹೇಬರು ಆರೂ ಹಾಸಿಗೆಗಳ ಬಳಿ ಹೋಗಿ ಕೈಮುಗಿದು ನಿಂತರು. ಪಿತ್ತಕೋಶದ ಕಲ್ಲಿನ ನೋವಿನಲ್ಲಿದ್ದ ಅಜ್ಜಿಗೆ, "ತಪ್ಪು ನಂದಮ್ಮ. ಡಾಕ್ಟ್ರು ಹೇಳಿದ್ರು, ನಾನೇ ಪೂರ್ತಿ ಓದ್ಲಿಲ್ಲ," ಎಂದರಂತೆ.

"ಬೈಯೋಕೂ ಹೊಟ್ಟೇಲಿ ಏನಾದ್ರೂ ಇರ್ಬೇಕಪ್ಪ. ಮೊದ್ಲು ಟೀ ಕೊಡ್ಸು," ಎಂದಿತಂತೆ ಅಜ್ಜಿ.

ಎರಡು ದಿನ ತಡವಾಗಿ ಆರೂ ಮಂದಿಗೆ ಶಸ್ತ್ರಚಿಕಿತ್ಸೆಯಾಯಿತು, ಎಲ್ಲರೂ ಗುಣವಾಗಿ ಮನೆಗೆ ಹೋದರು. ಸಾಹೇಬರು ನನಗೆ ಹೇಳಿದ್ದು ಇಷ್ಟೇ: "ಸಿಟ್ಟಿದ್ರೆ ಬರೀರಿ. ಅರ್ಜೆಂಟ್ ಇದ್ರೆ ನಡ್ಕೊಂಡು ಬನ್ನಿ. ಎರಡನ್ನೂ ಒಂದೇ ಕವರಲ್ಲಿ ಹಾಕ್ಬೇಡಿ." ಅಂದಿನಿಂದ ವೈದ್ಯರೆಲ್ಲ ಅವರ ಕೋಣೆಗೆ ನಡೆಯತೊಡಗಿದರು. ಜಗಳ ನಿಂತಿತೆಂದು ಬರೆದರೆ ಸುಳ್ಳಾದೀತು. ಎರಡು ಮಹಡಿ ಹತ್ತಿ ಬಂದವರಿಗೆ ಕೂಗಾಡಲು ಉಸಿರು ಸಾಲುತ್ತಿರಲಿಲ್ಲ, ಅಷ್ಟೇ.

ಸಾಹೇಬರು ನೂರು ವರ್ಷ ಬಾಳಲಿ, ಊರಿನ ಜಗಳಗಳನ್ನೆಲ್ಲ ಹೀಗೆಯೇ ಒಂದೊಂದು ದಿನ ತಡಮಾಡಲಿ. ಇನ್ನು ಮನೆಯಲ್ಲಿ ಅವರ ಡ್ರಾಯರಿನೊಡನೆ ಏಗಬೇಕಾದ ಅವರ ಶ್ರೀಮತಿಯವರಿಗೆ ದೇವರು ತಾಳ್ಮೆ ಕೊಡಲಿ.

ಈ ಲೇಖನವನ್ನೂ ಒಂದು ದಿನ ನನ್ನ ಡ್ರಾಯರಿನಲ್ಲಿಟ್ಟು, ಇನ್ನೂ ಕಳಿಸಬೇಕಾ ಎಂದು ನನ್ನನ್ನೇ ಕೇಳಿಕೊಂಡೆ. ಕಳಿಸುತ್ತಿದ್ದೇನೆ, ಗಂಟಲಲ್ಲಿ ಉಳಿದಿದ್ದನ್ನು ಸೇರಿಸಿ: ಅಂದಿನ ತಪ್ಪು ನನ್ನದು. ಆ ಆರು ಹಾಸಿಗೆಗಳ ಬಳಿ ಕೈಮುಗಿದು ನಿಲ್ಲಬೇಕಾಗಿದ್ದವನು ನಾನು.